ನರ್ಸಬಾಯಾರ ಹಿಂಗಾರಿ

ತಪ್ಪು ನನ್ನದೇ. ಪಾಸ್ಟರ್ ದನಿ ತೆಗೆದು ಫೋನ್ ಮಾಡಿದವನು ನಾನೇ. ಅದೂ ಪುಣ್ಯ ಬರಲಿ ಎಂದಲ್ಲ, ಗೆಳೆಯರ ಜೊತೆ ಒಂದು ಪ್ಲೇಟ್ ಮಿರ್ಚಿಗೆ ಕಟ್ಟಿದ ಪಂದ್ಯಕ್ಕಾಗಿ. ಮೊನ್ನೆ ಇಂಡಿಯಿಂದ ಸಿಂದಗಿಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಅಜ್ಜಿಯೊಬ್ಬರು ನೀಲಗಿರಿ ಎಣ್ಣೆಯ ಬಾಟಲಿ ತೆರೆದರು... ಆ ವಾಸನೆಗೆ, ದಿನಾ ಅದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ನಮ್ಮ ಓಣಿಯ ನರ್ಸಬಾಯಾರು ನೆನಪಿನಿಂದ ಎದ್ದು ಬಂದರು. ಅವರು ಬಂದ ಮೇಲೆ ನಾನು ಸುಮ್ಮನಿರುವಂತಿಲ್ಲ.

ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಕ್ರೈಸ್ತ ಹೆಣ್ಣುಮಗಳು ಅವರು. ಹರೆಯ ಮುದ್ದೇಬಿಹಾಳದಲ್ಲಿ ಹೋಯಿತು, ನಡುವಯಸ್ಸು ಬಸವನ ಬಾಗೇವಾಡಿಯಲ್ಲಿ, ನಿವೃತ್ತಿ ಸಿಂದಗಿಯಲ್ಲಿ. ನನ್ನನ್ನು ಈ ಲೋಕಕ್ಕೆ ಎಳೆದು ತಂದವರೂ ಅವರೇ. "ಹುಟ್ಟಿದ ಕೂಡ್ಲೇ ಬಾಜೂ ಕಾಟಿನ ಕೂಸು ಅತ್ತಂಗ ಅತ್ತಾಂವ ಇಂವಾ" ಎಂದು ಓಣಿಗೆಲ್ಲ ಹೇಳುತ್ತಿದ್ದರು.

ನಿವೃತ್ತಿಯಾದ ಮೇಲೆ ಚರ್ಚಿನಲ್ಲಿ ಭಾನುವಾರದ ಸಾಲಿ ಶುರುಮಾಡಿದರು. ನಾವು ಚರ್ಚಿನವರಲ್ಲ, ನಾನು ಅಲ್ಲಿ ಕೊಡುವ ಬಿಸ್ಕಿಟಿನವನು. ಯಾರ ಮಾತೂ ಕೇಳದ ಪ್ರವಾದಿಯೊಬ್ಬನಿಗೆ ದೇವರು ಅವನ ಕತ್ತೆಯ ಬಾಯಿಂದಲೇ ಬುದ್ಧಿ ಹೇಳಿಸಿದ ಕತೆಯನ್ನು ಅಲ್ಲಿ ನಾಟಕ ಮಾಡಿಸುತ್ತಿದ್ದರು. ಕತ್ತೆಯ ಪಾರ್ಟು ಪ್ರತಿ ವರ್ಷ ನನಗೇ. "ಬ್ಯಾರೆಯವ್ರಿಗೆ ಇಷ್ಟು ಸಹಜ ಬರೂದಿಲ್ಲ" ಎನ್ನುತ್ತಿದ್ದರು.

ಒಂದೊಂದು ವಯಸ್ಸಿಗೂ ದೇವರು ಒಂದೊಂದು ಕೆಲಸ ಇಟ್ಟಿರುತ್ತಾನೆ ಎಂಬುದು ಅವರ ಗಟ್ಟಿ ನಂಬಿಕೆ. "ನಮ್ಮ ಕಡೆ ಜ್ವಾಳ ಬರೂದ ಹಿಂಗಾರಿಗೆ. ಮುಂಗಾರಿ ಮುಗೀತಂತ ಬಿತ್ತೂ ಕೂರಿಗಿ ಅಟ್ಟಕ್ಕ ಏರಿಸಿದ್ರ ಹ್ಯಾಂಗೋ?"

ಆಮೇಲೆ ಬಚ್ಚಲಿನಲ್ಲಿ ಜಾರಿಬಿದ್ದರು. ಸೊಂಟದ ಎಲುಬು ಮುರಿಯಿತು. ಚರ್ಚು ದೂರವಾಯಿತು, ಕಿಟಕಿಯ ಪಕ್ಕದ ಮಂಚವೇ ಊರಾಯಿತು. ರೊಟ್ಟಿ ಒಯ್ದ ನಮ್ಮವ್ವನ ಮುಂದೆ ತಾಟು ಸರಿಸಿ, "ಕೆಲಸ ಕೊಡದ ದೇವರು ಕೂಳರೆ ಯಾಕ ಕೊಡ್ತಾನವ್ವಾ?" ಎಂದರಂತೆ. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಅವ್ವ ಮನೆಗೆ ಬಂದು ಮಾತಾಡದೆ ಕೂತಳು. ನಮ್ಮವ್ವ ಮಾತಾಡದೆ ಕೂತರೆ ಪರಿಸ್ಥಿತಿ ಗಂಭೀರ ಎಂದೇ ಅರ್ಥ.

ನಾನಾಗ ಕಂಡಕ್ಟರ್, ತಹಶೀಲ್ದಾರ್, ಹೆಡ್‌ಮಾಸ್ತರ್ ಎಲ್ಲರ ದನಿ ತೆಗೆಯುತ್ತಿದ್ದೆ. ಅಪ್ಪ ನನ್ನನ್ನು ಬೈಯುವ ದನಿಯನ್ನೂ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ವಿಜಯಪುರದಿಂದ ಬರುವ ಪಾಸ್ಟರ್ ದನಿ ತೆಗೆದರೆ ನರ್ಸಬಾಯಾರು ಹಿಡಿಯುತ್ತಾರೋ ಇಲ್ಲವೋ ಎಂಬುದೇ ಪಂದ್ಯ. ಗೆಳೆಯನ ಫೋನು ತೆಗೆದುಕೊಂಡೆ. ಪಾಸ್ಟರಂತೆ ಎರಡು ಸಲ ಕೆಮ್ಮಿದೆ.

"ಅಮ್ಮಾರ, ದೇವರಿಗೆ ಸ್ತೋತ್ರ. ಇದು ನನ್ನ ಹೊಸಾ ನಂಬರ್. ನಾಳಿಂದ ನಿಮಗ ಹೊಸಾ ಡ್ಯೂಟಿ. ಕಿಟಕಿ ಮುಂದ ಹೋಗೋರನ್ನ ಹೆಸರು ಕೇಳಿ ಪ್ರಾರ್ಥನಾ ಮಾಡ್ರಿ. ಶಕ್ತಿ ಬೇಕಲ್ರಿ, ಎರಡು ರೊಟ್ಟಿ ಉಣ್ರಿ."

ಆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ, "ಎಷ್ಟರಿಂದ ಎಷ್ಟರ ತನಕರೀ ಡ್ಯೂಟಿ?"

ಇದಕ್ಕೆ ನಾನು ತಯಾರಿರಲಿಲ್ಲ. "ಎಂಟರಿಂದ... ಎರಡರ ತನಕರಿ" ಎಂದು ಇಟ್ಟುಬಿಟ್ಟೆ. ಮಿರ್ಚಿ ಗೆದ್ದೆ.

ಮರುದಿನ ಸರಿಯಾಗಿ ಎಂಟಕ್ಕೆ ಕಿಟಕಿಯಲ್ಲಿ ಬಿಳಿ ಸೀರೆ, ಬಾಚಿದ ತಲೆ, ಕೈಯಲ್ಲೊಂದು ನೋಟುಬುಕ್ಕು. "ಏ ತಮ್ಮಾ, ನಿಂದ್ರು. ಹೆಸರು ಹೇಳು, ತ್ರಾಸ ಹೇಳು." ಹಾಲಿನವನು ಎಮ್ಮೆ ಹಾಲು ಬಿಡುತ್ತಿಲ್ಲವೆಂದ. ಕಂಡಕ್ಟರ್ ಮೊಣಕಾಲು ತೋರಿಸಿದ. ಅಲ್ಲೇ ಕಣ್ಣು ಮುಚ್ಚಿ ಪ್ರಾರ್ಥನೆ, ಮರುದಿನ ಅಲ್ಲೇ ತಪಾಸಣೆ: "ಎಮ್ಮಿ ಹ್ಯಾಂಗೈತಿ?" ವಾರದೊಳಗೆ ಎರಡು ರೊಟ್ಟಿ ಮುಗಿಸಿ, ಪುಂಡಿಪಲ್ಯ ಯಾಕೆ ತಂದಿಲ್ಲವೆಂದು ಅವ್ವನ ಜೊತೆ ಜಗಳವಾಡತೊಡಗಿದರು. ಅವ್ವ ಅಷ್ಟು ಖುಷಿಯಿಂದ ಬೈಸಿಕೊಂಡಿದ್ದನ್ನು ನಾನು ನೋಡಿಲ್ಲ.

ಆದರೆ ನೋಟುಬುಕ್ಕಿನ ಮೊದಲ ಹೆಸರು ನನ್ನದು. ತ್ರಾಸ: ಪಿಯುಸಿ ಗಣಿತ, ಎರಡು ಸಲ ಫೇಲು. ಓಣಿಯ ತುದಿಯಲ್ಲಿ ನನ್ನ ತಲೆ ಕಂಡರೆ ಸಾಕು, ದನಿ ಏರುತ್ತಿತ್ತು. "ಗಣಿತ ಎಲ್ಲಿಗೆ ಬಂತೋ? ನಾ ಪ್ರಾರ್ಥನಾ ಮಾಡಾಕತ್ತೇನಿ, ನೀನೂ ಏನರೆ ಮಾಡು!" ಎಮ್ಮೆಯವನಿಂದ ಹಿಡಿದು ಎಲ್ಲರೂ ನನ್ನ ಗಣಿತ ವಿಚಾರಿಸತೊಡಗಿದರು. ಮೂರನೇ ಸಲ ಪಾಸಾದೆ. ಓದಿನಿಂದಲೋ, ಪ್ರಾರ್ಥನೆಯಿಂದಲೋ, ಮರ್ಯಾದೆಗೆ ಅಂಜಿಯೋ, ದೇವರೇ ಬಲ್ಲ.

ಎರಡು ವರ್ಷ ಒಂದು ದಿನವೂ ರಜೆ ಹಾಕದೆ ಡ್ಯೂಟಿ ಮಾಡಿದರು. ಹೋದ ವರ್ಷ ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ಹೋಗಿಬಿಟ್ಟರು... ಮಣ್ಣಿಗೆ ಓಣಿಯೆಲ್ಲ ಬಂದಿತ್ತು. ಈಗ ಆ ಕಿಟಕಿಯಲ್ಲಿ ಹೊಸ ಬಾಡಿಗೆಯವರ ಕೂಲರ್ ಗುರುಗುಡುತ್ತದೆ. ಎಂಟು ಗಂಟೆಗೆ ಅಲ್ಲಿ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ತ್ರಾಸ ಬೇಕಾದಷ್ಟಿವೆ, ಕೇಳುವವರಿಲ್ಲ. ಮೊನ್ನೆ ಬಸ್ಸಿನಲ್ಲಿ ಅವರ ದನಿ ತೆಗೆದು "ಎಲ್ಲಿಗೆ ಬಂತೋ?" ಎಂದು ನನ್ನನ್ನು ನಾನೇ ಕೇಳಿಕೊಂಡೆ. ಪಕ್ಕದವರು "ಇನ್ನೂ ಸಿಂದಗಿ ದೂರ ಐತಿ" ಎಂದು ಸರಿದು ಕೂತರು.

ಅವರಿಗೆ ಹೇಳಿದ ಸುಳ್ಳನ್ನು ಹಾಗೇ ಉಳಿಸಿಕೊಳ್ಳಲಿಲ್ಲ ಎಂಬುದೊಂದೇ ಸಮಾಧಾನ. ಆ ಫೋನಿನ ಮುಂದಿನ ತಿಂಗಳು, ಖರೆ ಪಾಸ್ಟರ್ ಬರುವ ಹಿಂದಿನ ದಿನ, ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಮತ್ತೆ ತಾಟು ಸರಿಸಿಬಿಟ್ಟರೆ ಎಂಬ ಭಯವಿತ್ತು. "ಬಾಯಾರ, ಆವತ್ತು ಫೋನ್ ಮಾಡಿದ್ದು ಪಾಸ್ಟರಲ್ರಿ... ನಾ. ಅದು ದೇವರು ಕೊಟ್ಟ ಕೆಲಸ ಅಲ್ರಿ."

ನೋಟುಬುಕ್ಕಿನಿಂದ ತಲೆ ಎತ್ತದೆ ಅವರೆಂದರು:

"ಗೊತ್ತೈತೇಳು. ಪಾಸ್ಟರು ಯಾವಾಗರೆ ರೊಟ್ಟಿ ಎಣಿಸಿ ಉಣ್ಣು ಅಂದಾರೇನು? ದೇವರಿಗೆ ನನ್ನ ಕೂಡ ಮಾತಾಡೂದಿತ್ತು. ಹಿಂದಕ ಒಮ್ಮಿ ಕತ್ತೆ ಸಿಕ್ಕಿತ್ತು, ಈ ಸಲ ನೀ ಸಿಕ್ಕಿ."