ಪಾವಗಡದ ಬೌಲರ್

ನಮ್ಮ ಮನೆಯ ಟಿ.ವಿ. ರಿಮೋಟಿನಲ್ಲಿ ಒಂದೇ ಒಂದು ಗುಂಡಿಯ ಬಣ್ಣ ಪೂರ್ತಿ ಸವೆದುಹೋಗಿದೆ. ಅದು ಟಿ.ವಿ.ಯ ಬಾಯಿ ಮುಚ್ಚಿಸುವ ಮ್ಯೂಟ್ ಗುಂಡಿ. ಸವೆಸಿದ್ದು ನನ್ನ ಹೆಬ್ಬೆರಳು. ಕ್ರಿಕೆಟ್ ನೋಡುವಾಗ ನೀವೂ ಗಮನಿಸಿರುತ್ತೀರಿ: ದೊಡ್ಡ ನಗರದ ಆಟಗಾರ ಚೆಂಡನ್ನು ಸುಮ್ಮನೆ ತಡೆದರೂ ಸಾಕು, ವೀಕ್ಷಕ ವಿವರಣೆಯ ಮಹನೀಯರು ಅದರಲ್ಲಿ ಸಂಗೀತ, ಶಿಲ್ಪ, ಪರಂಪರೆ ಎಲ್ಲವನ್ನೂ ಕಂಡು ಮೈಮರೆಯುತ್ತಾರೆ; ನಮ್ಮ ಕಡೆಯ ಹುಡುಗ ಸೊಗಸಾಗಿ ಬೌಂಡರಿ ಬಾರಿಸಿದರೆ ಮಾತ್ರ ಬೌಲರ್ ಕೊಂಚ ದಾರಿ ತಪ್ಪಿದರು ಎನ್ನುತ್ತಾರೆ. ದೇಶದ ತಂಡದ ಆಯ್ಕೆಯ ದಿನವಂತೂ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಹಾಗಾಗಿ ಹೊಗಳಿಕೆ ಶುರುವಾದೊಡನೆ ನಾನು ಗುಂಡಿ ಒತ್ತಿ, ಮೂಕ ಚಿತ್ರದಂತೆ ಆಟ ನೋಡುವುದನ್ನು ರೂಢಿಸಿಕೊಂಡಿದ್ದೆ.

"ಹಿಂಗೆ ಬಾಯಿ ಕಟ್ಟಾಕ್ಬುಟ್ರೆ ಆಡ್ತಿರೋರು ಯಾರು ಅಂತ ಹೆಂಗ್ರೀ ಗೊತ್ತಾಗೋದು?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ನಮ್ಮವರು ಯಾರೆಂದು ನನಗೆ ಗೊತ್ತು, ಮಿಕ್ಕವರು ಯಾರಾದರೇನು ಎನ್ನುತ್ತಿದ್ದೆ.

ಈಗ ನನ್ನ ಗುಟ್ಟು ನಾನೇ ಬಿಚ್ಚುತ್ತೇನೆ. ನಾನು ಮಧುಗಿರಿ ತಾಲ್ಲೂಕಿನ ಬಡವನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು ಸೇರಿ ಕಟ್ಟಿಕೊಂಡ ಕ್ರಿಕೆಟ್ ತಂಡವೊಂದಿದೆ. ವರ್ಷಕ್ಕೊಮ್ಮೆ ತುಮಕೂರಿಗೆ ಹೋಗಿ ಆ ಕಡೆಯ ಮೇಷ್ಟ್ರುಗಳೊಡನೆ ಆಡಿ, ಸಾಮಾನ್ಯವಾಗಿ ಸೋತು, ಹೊಟ್ಟೆ ತುಂಬ ಊಟ ಮಾಡಿಕೊಂಡು ಬರುತ್ತದೆ. ಮಂಡಿ ಮಡಚದ ಕಾರಣ ನಾನು ಆಡುವುದಿಲ್ಲ. ಆಡಲಾರದವನಿಗೆ ಇಲ್ಲಿ ಎರಡು ದೊಡ್ಡ ಕೆಲಸ ಸಿಗುತ್ತವೆ: ಮೈಕು ಹಿಡಿಯುವುದು, ತಂಡ ಆರಿಸುವ ಮೂವರಲ್ಲಿ ಒಬ್ಬನಾಗುವುದು. ಎರಡೂ ನನ್ನವೇ.

ತಂಡದಲ್ಲಿ ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿಯ ಶಾಲೆಯಿಂದ ಬರುವ ಓಬಳೇಶಪ್ಪ ಎಂಬ ಎಡಗೈ ಸ್ಪಿನ್ನರ್ ಒಬ್ಬರಿದ್ದರು. 'ತಂಡದಲ್ಲಿ' ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಆರು ವರ್ಷದಿಂದ ಅವರ ಹೆಸರನ್ನು ನಾವು ಪಟ್ಟಿಯ ತುದಿಗೆ, ಹನ್ನೆರಡನೆಯವರಾಗಿ ಬರೆಯುತ್ತಿದ್ದೆವು. ದ್ವೇಷದಿಂದಲ್ಲ ಸ್ವಾಮಿ, ಕನಿಕರದಿಂದ. ಪಾಪ, ಅಷ್ಟು ದೂರದಿಂದ ಎರಡು ಬಸ್ಸು ಬದಲಿಸಿ ಅಭ್ಯಾಸಕ್ಕೆ ಬರುವುದು ಕಷ್ಟ ಎಂದು ನಾವು ಮೂವರೂ ಕಾಫಿ ಕುಡಿಯುತ್ತ ಅವರ ಪರವಾಗಿ ಮರುಗುತ್ತಿದ್ದೆವು. ಮುಂದಿನ ಬೇಸಿಗೆಗೆ ಅವರ ನಿವೃತ್ತಿ. ಆಡಿದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ.

ಆಯ್ಕೆಗೆಂದು ನಮ್ಮನಮ್ಮಲ್ಲೇ ಒಂದು ಪಂದ್ಯ ಇಟ್ಟುಕೊಂಡೆವು. ಅಂದು ಮಧುಗಿರಿ ಬೆಟ್ಟದ ನೆರಳು ಮೈದಾನಕ್ಕೆ ಇಳಿಯುವ ಹೊತ್ತಿಗೆ ಓಬಳೇಶಪ್ಪ ಮೂರು ವಿಕೆಟ್ ಕಿತ್ತಿದ್ದರು. ಅದರಲ್ಲಿ ಒಂದು ನನ್ನ ಭಾಮೈದ ರಂಗನಾಥನದು. ಐ.ಡಿ. ಹಳ್ಳಿಯಲ್ಲಿ ಗಣಿತ ಹೇಳುವ ಅವನು ಮುಂದೆ ಬಂದು ಬ್ಯಾಟು ಬೀಸಿದ, ಚೆಂಡು ಹಿಂದೆ ಹೋಗಿ ವಿಕೆಟ್ಟಿಗೆ ಬಡಿಯಿತು. ನಮ್ಮ ರಂಗನಾಥ್ ಕೊಂಚ ಅವಸರಪಟ್ಟರು ಎಂದು ನಾನು ಮೈಕಿನಲ್ಲಿ ಸಮಾಧಾನ ಹೇಳಿದೆ.

ಸಂಜೆ ಮೈಕಿನ ವೈರು ಸುತ್ತುತ್ತಿದ್ದಾಗ ಓಬಳೇಶಪ್ಪ ಚೀಲ ಹೆಗಲಿಗೇರಿಸಿಕೊಂಡು ಬಂದರು.

"ಸಾರ್, ಬ್ಯಾಸ್ರ ಮಾಡ್ಕಬ್ಯಾಡಿ. ರಂಗನಾಥ್ ಸಾರ್ ಔಟಾದ್ರೂ ಅವರ ಹೆಸ್ರು ಹೇಳಿದ್ರಿ. ನಾನು ಔಟ್ ಮಾಡಿದ್ರೂ ನನ್ ಹೆಸ್ರು ಬರ್ಲಿಲ್ಲ. ಪಾವಗಡದ ಬೌಲರ್ ಅಂದ್ರಿ, ಅಷ್ಟೇ."

ನಾನು ತಡವರಿಸಿ, ನಿಮ್ಮ ಆಟ ಯಾರಿಗೆ ಗೊತ್ತಿಲ್ಲ, ದೂರ ಒಂದು ಅಡ್ಡ ಬರುತ್ತದೆ ಎಂದು ಹಳೆಯ ಕನಿಕರವನ್ನೇ ಬಡಿಸಿದೆ.

"ದೂರ ನನಗಲ್ವಾ ಸಾರ್, ನಿಮಗೇನು?" ಎಂದರು ಅವರು. ಆಮೇಲೆ, ಹೆಚ್ಚು ಮಾತಾಡಿದೆನೇನೋ ಎಂಬಂತೆ, ತಮ್ಮ ಗಡಿಯ ತೆಲುಗು ಬೆರೆಸಿ, "ಪರ್ವಾಲೇದು ಬುಡಿ" ಎಂದು ಬಸ್ಸಿನ ಕಡೆ ನಡೆದರು.

ನನಗೆ ನಿಜವಾಗಿ ನಾಚಿಕೆಯಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಎಣಿಸುತ್ತಾರೆ ಎನ್ನುತ್ತಾರಲ್ಲ, ಆ ಮಹಾನುಭಾವ ನಾನೇ ಆಗಿದ್ದೆ. ಪಕ್ಷಪಾತವೆಂದರೆ ಕೋಡು ಬಾಲ ಇರುವ ಪ್ರಾಣಿಯೆಂದು ತಿಳಿದು ಟಿ.ವಿ.ಯೊಳಗೆ ಅದನ್ನು ಹುಡುಕುತ್ತಿದ್ದೆ. ಅದು 'ಪಾಪ' ಎನ್ನುತ್ತ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿತ್ತು. ನಮ್ಮವರಿಗಾದರೆ ಹೆಸರು, ಹೊರಗಿನವರಿಗೆ ಬರೀ ಊರು. ಮೈಕು ಯಾರ ಕೈಯಲ್ಲಿದೆಯೋ ಅವರ ಕಾಲಡಿಯೇ ಭೂಮಿಯ ನಡುಮಧ್ಯ. ಮಧುಗಿರಿಯಿಂದ ಪಾವಗಡ ಎಷ್ಟು ದೂರವೋ ಪಾವಗಡದಿಂದ ಮಧುಗಿರಿಯೂ ಅಷ್ಟೇ ದೂರ ಎಂಬುದು ಈ ತಲೆಗೆ ಹೊಳೆಯಲು ಆರು ವರ್ಷ ಬೇಕಾಯಿತು. ಹಾಗೆಂದು ಟಿ.ವಿ.ಯವರ ಮೇಲಿನ ನನ್ನ ದೂರು ಸುಳ್ಳೇನಲ್ಲ, ಈಗಲೂ ಇದೆ. ದೂರಿನಲ್ಲಿ ನನ್ನ ಹೆಸರನ್ನೂ ಸೇರಿಸಿಕೊಂಡೆ, ಅಷ್ಟೆ.

ಮರುದಿನ ಹೋಟೆಲಿನಲ್ಲಿ ಪಟ್ಟಿ ಬರೆಯಲು ಕೂತಾಗ ಮಿಕ್ಕ ಇಬ್ಬರೂ ವಾಡಿಕೆಯಂತೆ 'ಪಾಪ, ದೂರ' ಎಂದರು. ಆ ದೂರ ನಮ್ಮದಲ್ಲ ಎಂದೆ. ಹಾಗಾದರೆ ಯಾರನ್ನು ಬಿಡೋಣ ಎಂದು ಅವರಲ್ಲಿ ಶಿರಾದವರು ಪೆನ್ನು ನನ್ನ ಮುಂದೆ ಇಟ್ಟರು. ನಾನು ರಂಗನಾಥನನ್ನು ಹನ್ನೆರಡನೆಯವನಾಗಿ ಬರೆದೆ. ಬರೆಯುವುದು ಸುಲಭ, ಮನೆಗೆ ಹೋಗಿ ಅವನ ಅಕ್ಕನಿಗೆ ಹೇಳುವುದು ಕಷ್ಟ. ಅವಳು ಎಲ್ಲ ಕೇಳಿ, ಅವನು ಔಟಾದದ್ದು ಯಾರಿಗೆ ಎಂದಳು. ಓಬಳೇಶಪ್ಪನವರಿಗೆ ಎಂದೆ. "ಮತ್ತೆ ಇನ್ನೇನು ಬುಡಿ" ಎಂದು ಸಾರು ಬಡಿಸಿದಳು. ಭಾಮೈದ ಮಾತ್ರ ಎಂಟು ದಿನ ನನ್ನ ಫೋನು ಎತ್ತಲಿಲ್ಲ.

ತುಮಕೂರಿನ ಮೈದಾನದಲ್ಲಿ ಮೈಕು ಅಲ್ಲಿನ ಮೇಷ್ಟ್ರೊಬ್ಬರ ಕೈಯಲ್ಲಿತ್ತು. ಓಬಳೇಶಪ್ಪ ಚೆಂಡು ಕೈಗೆತ್ತಿಕೊಂಡರು. ಈಗ ಮಧುಗಿರಿ ಕಡೆಯ ಬೌಲರ್ ಎಂದಿತು ಲೌಡ್‌ಸ್ಪೀಕರು. ನನಗೆ ಮೈಯೆಲ್ಲ ಉರಿಯಿತು. ಹೆಬ್ಬೆರಳು ತಾನಾಗಿಯೇ ಗುಂಡಿ ಹುಡುಕಿತು. ಆದರೆ ಮೈದಾನಕ್ಕೆ ಮ್ಯೂಟ್ ಗುಂಡಿ ಇರುವುದಿಲ್ಲವಲ್ಲ. ಒಂದು ಹಾಳೆಯಲ್ಲಿ ನಮ್ಮ ಹನ್ನೊಂದೂ ಜನರ ಹೆಸರು, ಊರು ದುಂಡಗೆ ಬರೆದು ಮೈಕಿನ ಮೇಷ್ಟ್ರ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಒಳ್ಳೆಯದಾಯಿತು, ಯಾರೂ ಕೊಡುವುದೇ ಇಲ್ಲ ಎಂದರು.

ಒಂದು ಓವರು ಬಿಟ್ಟು "ಪಾವಗಡದ ಓಬಳೇಶಪ್ಪನವರು" ಎಂದು ಮೈದಾನದ ತುಂಬ ಕೇಳಿಸಿತು. ಅವರು ಒಂದು ಗಳಿಗೆ ನಿಂತು ಲೌಡ್‌ಸ್ಪೀಕರಿನ ಕಡೆ ನೋಡಿ, ಅಂಗಿಯ ತೋಳು ಮಡಚಿಕೊಂಡು ಓಡಿ ಬಂದರು. ಆ ಚೆಂಡಿಗೆ ವಿಕೆಟ್ ಬೀಳಲಿಲ್ಲ. ಆಮೇಲೆ ಎರಡು ಬಿದ್ದವು. ನಾವು ಎಂದಿನಂತೆ ಸೋತೆವು, ಆದರೆ ಕೊನೆಯ ಓವರಿನವರೆಗೂ ಎಳೆದಾಡಿ ಸೋತೆವು. ನೀರಿನ ಬಾಟಲಿಗಳನ್ನು ಹಿಡಿದು ನನ್ನ ಪಕ್ಕ ಕೂತಿದ್ದ ರಂಗನಾಥ ಎಂಟು ದಿನದ ಮೇಲೆ ಮೊದಲ ಮಾತಾಡಿದ: "ಭಾವ, ಅವರ ಬಾಲು ನಂಗೆ ಇವತ್ತಿಗೂ ಅರ್ಥ ಆಗಿಲ್ಲ."

ಮೊನ್ನೆ ಭಾನುವಾರ ಟಿ.ವಿ.ಯಲ್ಲಿ ಪಂದ್ಯವಿತ್ತು. ದೇಶದ ಯಾವುದೋ ಮೂಲೆಯ ಹೊಸ ಹುಡುಗನೊಬ್ಬ ಬೌಲಿಂಗ್ ಮಾಡುತ್ತಿದ್ದ. ಎದುರಿಗೆ ನಿಂತ ದೊಡ್ಡ ನಗರದವನ ಗುಣಗಾನ ಭೋರ್ಗರೆಯುತ್ತಿತ್ತು. ನನ್ನ ಹೆಬ್ಬೆರಳು ಸವೆದ ಗುಂಡಿಯ ಮೇಲೆ ಹೋಗಿ ಕೂತಿತು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಹೆಂಡತಿ, ಬೌಲಿಂಗ್ ಮಾಡುತ್ತಿರುವವನು ಯಾರು ಎಂದು ಕೇಳಿದಳು. ಯಾರೋ ಆ ಕಡೆಯವನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬೆರಳು ತೆಗೆದು, ದನಿಯನ್ನು ಇನ್ನಷ್ಟು ಏರಿಸಿ, ಹಲ್ಲು ಕಚ್ಚಿ ಇಡೀ ಓವರಿನ ಹೊಗಳಿಕೆಯನ್ನು ಕೇಳಿಸಿಕೊಂಡೆ. ಕೊನೆಯ ಚೆಂಡಿಗೆ ಆ ಹುಡುಗನ ಹೆಸರು ಒಂದೇ ಒಂದು ಸಲ ಬಂತು, ಅದೂ ಅರ್ಧ ನುಂಗಿದ್ದು. ಪರದೆಯ ಕೆಳಗಿನ ಅಕ್ಷರ ನೋಡಿ ಪೂರ್ತಿ ಮಾಡಿಕೊಂಡು ನಾನು ಅದನ್ನು ಅವಳಿಗೆ ಹೇಳಿದೆ.