ಭೂತಗನ್ನಡಿಯ ನಟ್ಟನಡುವಿನ ಅಂಟು

ನನ್ನ ಸೋದರಮಾವನಿಗೆ ಸವಣೂರಿನಲ್ಲಿ ಬಣ್ಣದ ಅಂಗಡಿಯಿದೆ. ಅವನಿಗಿಂತ ಅವನ ಅಂಗಡಿಯ ಸ್ಟಿಕ್ಕರ್ ಹೆಚ್ಚು ಊರುಗಳನ್ನು ನೋಡಿದೆ. ಬಳಗದಲ್ಲಿ ಯಾರ ಮದುವೆಯಾಗಲಿ, ವಾಸ್ತುಶಾಂತಿಯಾಗಲಿ, ಅವನು ಉಡುಗೊರೆಯಾಗಿ ಕೊಟ್ಟ ಆಯೇರಿನ ಮೇಲೆ ಅದು ಇದ್ದೇ ಇರುತ್ತದೆ. ಮೇಲೆ ದೇವರ ಚಿತ್ರ, ನಡುವೆ ಅಂಗಡಿಯ ಹೆಸರು, ಕೆಳಗೆ ಅವನ ಹೆಸರು, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಮೊಬೈಲ್ ನಂಬರು. ಆಯೇರಿನ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಸುವುದು ನಮ್ಮ ಕಡೆಯ ಹಳೆಯ ರೂಢಿ. ತಂಬಿಗೆಯ ಮೇಲೆ ಹೆಸರಿದ್ದರೆ ನೀರು ಕುಡಿಯಲು ಅಡ್ಡಿಯಿಲ್ಲ. ಮಾಮಾ ಅಂಟಿಸಿದ್ದು ಭೂತಗನ್ನಡಿಗೆ, ಅದೂ ನಟ್ಟನಡುವೆ.

ಶಿಗ್ಗಾಂವಿಯಲ್ಲಿ ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಅವನು ಅದನ್ನು ತಂದಿದ್ದ. ಮೇಜಿನ ಅಂಚಿಗೆ ಕಚ್ಚಿಸುವ ಸ್ಟ್ಯಾಂಡು, ಸುತ್ತ ಸಣ್ಣ ದೀಪಗಳು, ಊಟದ ತಟ್ಟೆಯಷ್ಟು ಅಗಲದ ಪ್ಲಾಸ್ಟಿಕ್ ಮಸೂರ. ತಂಗಿಯ ಮೇಲೆ ಎಷ್ಟು ಪ್ರೀತಿ ಎಂದು ಬಳಗದವರು ಬೆರಗಾದರು. ಅವ್ವ ಆಗ ಅವನ ಮಗಳ ಮದುವೆಗಾಗಿ ಚಂದ್ರಕಾಳಿ ಎಂಬ ಕಪ್ಪು ಸೀರೆಗೆ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಒಂದೊಂದೇ ಎಳೆ ಎಣಿಸಿ ಹೊಲಿಯಬೇಕು. ಕಪ್ಪಿನ ಮೇಲೆ ಎಳೆ ಎಣಿಸಲು ಅವ್ವನ ಕಣ್ಣು ಸೋತಿದ್ದವು. ಸೆರಗು ಅರ್ಧಕ್ಕೆ ನಿಂತಿತ್ತು. ಇನ್ನು ಇಷ್ಟು ದೊಡ್ಡ ಕೆಲಸ ತನ್ನಿಂದ ಆಗದು, ಇದೊಂದನ್ನು ಮಾತ್ರ ಮುಗಿಸಿಯೇ ತೀರಬೇಕು ಎಂಬುದು ಅವಳ ಹಟ. ಮಾಮಾನಿಗೆ ಪ್ರೀತಿ ಉಕ್ಕಿದ್ದು ಆ ನಿಂತ ಸೆರಗನ್ನು ನೋಡಿದ ಮೇಲೆ.

ಕೊಡುವಾಗ ಅವನು ಫೋಟೊವನ್ನು ಮೂರು ಸಲ ತೆಗೆಸಿದ. ಮೊದಲಿನ ಎರಡರಲ್ಲಿ ಅವ್ವನ ಮುಖ ಬಂದಿತ್ತು, ನಂಬರು ಬಂದಿರಲಿಲ್ಲ.

ಕೊಟ್ಟವರ ಹೆಸರು ಕೀಳಬಾರದು ಎಂದು ಅವ್ವ ಎರಡು ತಿಂಗಳು ಆ ಸ್ಟಿಕ್ಕರನ್ನು ಮುಟ್ಟಗೊಡಲಿಲ್ಲ. ಅದರ ಪಕ್ಕದಿಂದ, ಕುತ್ತಿಗೆ ಸೊಟ್ಟ ಮಾಡಿಕೊಂಡು, ಮಸೂರದ ಅಂಚಿನಲ್ಲಿ ಕಂಡಷ್ಟು ಎಳೆಗಳನ್ನು ಎಣಿಸುತ್ತಿದ್ದಳು. ಈ ವಿಧೇಯತೆಯನ್ನು ನಾನು ಯಾವತ್ತೂ ಮೆಚ್ಚಿದವಳಲ್ಲ. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ನಾನೇ ಕಿತ್ತೆ. ಕಾಗದ ಬಂತು, ಅಂಟು ಬರಲಿಲ್ಲ. ಕಿಟಕಿಯ ಬಿಸಿಲಿಗೆ ಅದು ಬೆಂದು ಹಳದಿಯಾಗಿತ್ತು. ಮರುದಿನದ ಹೊತ್ತಿಗೆ ಅದರ ಮೇಲೆ ಧೂಳು, ನೂಲಿನ ತುಣುಕು, ಒಂದು ಗುಂಗುರು ಹುಳ.

ಸಲಹೆಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯವರು ಸೀಮೆಎಣ್ಣೆ ಎಂದರು. ಹಾನಗಲ್ಲಿನ ಚಿಕ್ಕಮ್ಮ ಫೋನಿನಲ್ಲಿ, ಉಗುರುಬಣ್ಣ ತೆಗೆಯುವ ದ್ರವ ಹಚ್ಚಿದರೆ ಕ್ಷಣದಲ್ಲಿ ಹೋಗುತ್ತದೆ ಎಂದಳು. ಹೋಗುವುದು ಯಾವುದು ಎಂದು ಅವಳು ಯೋಚಿಸಿರಲಿಲ್ಲ. ಟೂತ್‌ಪೇಸ್ಟಿನಿಂದ ಉಜ್ಜುವ ವಿಡಿಯೊ ಬಳಗದ ಗುಂಪಿನಲ್ಲಿ ಎರಡು ಬಾರಿ ಬಂತು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು ಎಂಬುದು ಇವರೆಲ್ಲರಿಗೂ ಗೊತ್ತು. ನನಗೆ ವರ ಹುಡುಕುವಾಗ ಅದನ್ನೇ ಮೊದಲು ಹೇಳುತ್ತಾರೆ. ಅಂಟಿನ ವಿಷಯದಲ್ಲಿ ಮಾತ್ರ ಯಾರೂ ನನ್ನನ್ನು ಕೇಳಲಿಲ್ಲ.

ಬೇಕಾದದ್ದು ಅಡುಗೆಮನೆಯಲ್ಲೇ ಇತ್ತು. ಅಂಟಿನ ಮೇಲೆ ಶೇಂಗಾ ಎಣ್ಣೆ ಸವರಿ ಅರ್ಧ ಗಂಟೆ ಬಿಡಬೇಕು. ಉಗುರು ತಾಗಿಸದೆ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಉರುಳಿಸುತ್ತ ಹೋದರೆ ಅಂಟು ಸಣ್ಣ ಬತ್ತಿಗಳಾಗಿ ಏಳುತ್ತದೆ. ಆಮೇಲೆ ಉಗುರುಬೆಚ್ಚಗಿನ ಸಾಬೂನು ನೀರು, ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ. ಒರಟು ಬಟ್ಟೆ ಗೆರೆ ಎಳೆಯುತ್ತದೆ, ಕಟು ದ್ರವಗಳು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ತಾಳ್ಮೆಯೊಂದೇ ಇಲ್ಲಿ ಬೇಕಾದ ಜ್ಞಾನ. ನಮ್ಮ ಬಳಗದಲ್ಲಿ ಅದು ಯಾರ ಬಳಿಯೂ ಇಲ್ಲ.

ಭಾನುವಾರ ಬೆಳಿಗ್ಗೆ ಎಣ್ಣೆ ಸವರಿ, ನೀರು ಕಾಯಿಸಲು ಒಳಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಮಾಮಾ ಬಂದಿದ್ದ. ಸ್ಟಿಕ್ಕರ್ ತಾನಾಗಿಯೇ ಬಿದ್ದು ಅಂಟು ಉಳಿದಿದೆ ಎಂದು ಅವ್ವ ಅವನಿಗೆ ಫೋನಿನಲ್ಲಿ ಸುಳ್ಳು ಹೇಳಿದ್ದಳಂತೆ. ಅವನ ಒಂದು ಕೈಯಲ್ಲಿ ನಮಗೆ ತಿನ್ನಲು ತಂದ ಸವಣೂರು ಖಾರದ ಪೊಟ್ಟಣ, ಇನ್ನೊಂದರಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರ್ ಬಾಟಲಿ.

"ಬ್ಯಾಡ್ರಿ ಮಾಮಾ, ಪ್ಲಾಸ್ಟಿಕ್ ಕರಗತೈತಿ," ಎಂದೆ.

"ಮೂವತ್ತ ವರ್ಷ ಥಿನ್ನರ್ ಮಾರೇನಿ ನಾ. ನೀ ಬುಕ್ಕಿನ್ಯಾಗ ಓದೀದಿ, ನಾ ಕೈಯಾಗ ಹಿಡದೇನಿ. ಸರಿ ಅತ್ಲಾಗ."

ಅವನು ಬಟ್ಟೆಗೆ ಸುರಿದುಕೊಂಡು ಉಜ್ಜಿದ. ಅಂಟು ಹೋಯಿತು, ಒಪ್ಪಬೇಕು. ಅದರ ಹಿಂದೆಯೇ ಮಸೂರದ ಮೇಲೆ ಗಂಜಿ ಚೆಲ್ಲಿದಂತೆ ಬಿಳುಪು ಏಳತೊಡಗಿತು. ಅದು ಕೊಳೆಯೆಂದು ತಿಳಿದು ಅವನು ಇನ್ನಷ್ಟು ಥಿನ್ನರ್ ಸುರಿದ. ನಾನು ಸ್ಟ್ಯಾಂಡನ್ನು ಎಳೆದುಕೊಳ್ಳುವಷ್ಟರಲ್ಲಿ ಮುಕ್ಕಾಲು ಮಸೂರ ಮಬ್ಬಾಗಿತ್ತು. ಅವನು ಅದನ್ನು ದೂರದಿಂದ ನೋಡಿ, ಮಾಲೇ ಸರಿಯಿಲ್ಲ, ಅಂಗಡಿಯವನು ಮೋಸ ಮಾಡಿದ್ದಾನೆ ಎಂದು ತೀರ್ಪು ಕೊಟ್ಟ. ವಾಸ್ತುಶಾಂತಿಯ ದಿನ ಅದೇ ಮಾಲನ್ನು ಹುಬ್ಬಳ್ಳಿಯಲ್ಲೇ ಒಂದು ನಂಬರ್ ಎಂದು ಹೊಗಳಿದ್ದವನು ಅವನು. ಆಮೇಲೆ ಕೈ ಒರೆಸಿಕೊಂಡು, ಮದುವೆ ಹತ್ತಿರ ಬಂತು, ಸೀರೆ ಯಾವತ್ತಿಗೆ ಆಗುತ್ತದೆ ಎಂದು ಕೇಳಿದ.

ಅವ್ವ ಮಸೂರದ ಮುಂದೆ ಕೂತಳು. ಸೆರಗನ್ನು ಅದರ ಕೆಳಗೆ ಇಟ್ಟು ತಲೆಯನ್ನು ಆ ಕಡೆ ಈ ಕಡೆ ಸರಿಸಿ ನೋಡಿದಳು. ಎಳೆ ಎಣಿಸುವಾಗ ಅವಳ ತುಟಿ ಅಲುಗುತ್ತವೆ. ಒಂದು ಸಲ ಅಲುಗಿದವು, ನಡುವೆಯೇ ನಿಂತವು. ಸೂಜಿ ತೆಗೆದು, ನೂಲನ್ನು ಹಲ್ಲಿನಿಂದ ಕಡಿದಳು. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅಣ್ಣನ ತೊಡೆಯ ಮೇಲಿಟ್ಟಳು.

"ಎಷ್ಟ ಕಂಡೈತಿ ಅಷ್ಟ ಹಾಕೇನಿ, ಅಣ್ಣಾ. ಉಳದದ್ದನ್ನ ನಿನ್ನ ಅಂಗಡ್ಯಾನ ಬಣ್ಣಾ ಹಚ್ಚಿ ತುಂಬಸ್ಕೋ."

ಅವನು ನಕ್ಕ. ತಮಾಷೆಯೆಂದುಕೊಂಡು, ಚಹಾ ಕುಡಿಯುವವರೆಗೂ ಕಾದ. ಅವ್ವ ಸೂಜಿ, ನೂಲುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಕೊನೆಗೆ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋದ.

ಮದುವೆಯಲ್ಲಿ, ಮದುಮಗಳ ಸಾಮಾನು ಜೋಡಿಸಿಟ್ಟ ರುಖವತದ ಮೇಜಿನ ಮೇಲೆ ಆ ಸೀರೆಯೂ ಇತ್ತು. ಸೆರಗಿನ ಖಾಲಿ ಉಳಿದ ಭಾಗವನ್ನು ಒಳಗೆ ಮಡಚಿ ಪಿನ್ನು ಹಾಕಿದ್ದರು. ಬಂದವರು ಹೊಗಳಿದರು, ಮಾಮಾ ಪಕ್ಕದಲ್ಲಿ ನಿಂತು ಹೊಗಳಿಕೆ ಸ್ವೀಕರಿಸಿದ. ಅವ್ವ ಒಮ್ಮೆ ಹತ್ತಿರ ಹೋಗಿ, ಯಾರೂ ನೋಡದಾಗ ಪಿನ್ನು ಬಿಚ್ಚಿ, ಸೆರಗನ್ನು ಪೂರ್ತಿ ಹರವಿ ಬಂದಳು.