ತಿಕ್ಕಿ ತೊಳೆದ ಬಾಟಲಿ

ಮಂಡ್ಯ ಕಡೆಯ ದುದ್ದದಿಂದ ಒಳಗೆ ಮೂರು ಮೈಲಿ ಹೋದರೆ ಶೋಭಿತಾಳ ಊರು. ಕೆಳಗಿನ ಬೀದಿಯಲ್ಲಿ ಮೂವತ್ತೆಂಟು ಮನೆ, ಒಂದು ಅಂಬೇಡ್ಕರ್ ಭವನ, ಅದರ ಮುಂದೆ ಒಂದು ಬೋರಿಂಗು. ಬೋರಿಂಗು ಅಂದರೆ ಹಿಡಿ ಒತ್ತಿ ನೀರೆತ್ತುವ ಕೈಪಂಪು, ಅಷ್ಟೇ. ಆದರೆ ‘ಅಷ್ಟೇ’ ಅಂದವರನ್ನು ಚಿಕ್ಕಮಾದಮ್ಮ ಸುಮ್ಮನೆ ಬಿಡುತ್ತಿರಲಿಲ್ಲ.

ಚಿಕ್ಕಮಾದಮ್ಮ ಶೋಭಿತಾಳ ಅಜ್ಜಿ, ಅಪ್ಪನ ತಾಯಿ. ಅವಳು ಮದುವೆಯಾಗಿ ಬಂದ ಕಾಲಕ್ಕೆ ಕೆಳಗಿನ ಬೀದಿಗೆ ಸ್ವಂತ ನೀರಿರಲಿಲ್ಲ. ಮೇಲಿನ ಬೀದಿಯ ಬಾವಿಯ ಹತ್ತಿರ ಹೋಗಬೇಕು, ಬಿಂದಿಗೆಯನ್ನು ನೆಲದ ಮೇಲಿಟ್ಟು ದೂರ ನಿಲ್ಲಬೇಕು, ಯಾರಾದರೂ ಪುಣ್ಯಾತ್ಮರು ಬಂದು ಮೇಲಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸುರಿಯುವವರೂ ಸುಮ್ಮನೆ ಸುರಿಯುತ್ತಿರಲಿಲ್ಲ. “ಏನಮ್ಮಿ ನಿನ್ ಬಿಂದ್ಗೆ, ಇಂಗ್ ಗಬ್ಬೆದ್ದೋಗದೆ” ಅಂತ ಒಂದು ಮಾತು ಎಸೆದೇ ಸುರಿಯುವರು. ಅಂಥ ಬಾಯಿಗೆ ಸಿಕ್ಕಿಕೊಳ್ಳಬಾರದೆಂದು ಚಿಕ್ಕಮಾದಮ್ಮ ದಿನಾ ಬಿಂದಿಗೆಗೆ ಹುಣಸೆಹಣ್ಣು, ಬೂದಿ ಹಾಕಿ ಮುಖ ಕಾಣುವ ಹಾಗೆ ತಿಕ್ಕುತ್ತಿದ್ದಳು. ಕೊನೆಗೆ ಒಂದು ಬೇಸಿಗೆಯಲ್ಲಿ ರೇಗಿ, ಆರು ಜನ ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಮಂಡ್ಯದ ಕಚೇರಿ ಬಾಗಿಲಲ್ಲಿ ಖಾಲಿ ಬಿಂದಿಗೆ ಇಟ್ಟುಕೊಂಡು ಹನ್ನೊಂದು ದಿನ ಕೂತಳು. ಬೋರಿಂಗು ಬಂತು. ತಿಕ್ಕುವ ಚಾಳಿ ಮಾತ್ರ ಹೋಗಲಿಲ್ಲ. ಮನೆಯಿಂದ ಆಚೆ ಹೋಗುವ ಪಾತ್ರೆ ಯಾವುದೇ ಇರಲಿ, ಅವಳ ಕೈಯಲ್ಲಿ ತಿಕ್ಕಿಸಿಕೊಂಡೇ ಹೋಗಬೇಕು.

ಶೋಭಿತಾಳನ್ನು ಓದಿಸಿದ್ದೂ ಅವಳೇ. ಅಪ್ಪ ಲಿಂಗಯ್ಯ ಪಿಯುಸಿಗೇ ಸಾಕು ಅಂದಿದ್ದ. “ನಿನ್ ತಲೆ! ಎಣ್ಮಗ ಓದ್ತಳೆ, ನೀನ್ ಬಾಯ್ ಮುಚ್ಕಂಡಿರು” ಅಂದು ಮುದುಕಿಯೇ ಮೊಮ್ಮಗಳನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಭಾರತೀನಗರದ ಕಡೆಯ ಒಂದು ಕಾಲೇಜಿಗೆ ಸೇರಿಸಿ ಬಂದಳು.

ಅಲ್ಲಿ ಪರಿಸರ ವಿಜ್ಞಾನ ತೆಗೆದುಕೊಂಡವರಿಗೆ ಬೇರೆಯೇ ಏರ್ಪಾಡು. ಇಪ್ಪತ್ತೆರಡು ಹುಡುಗಿಯರು ಕಾಲೇಜಿನ ಹಿಂದಿನ ಹಳೇ ಕಟ್ಟಡದಲ್ಲಿ ಒಟ್ಟಿಗೇ ಇರಬೇಕು, ಓದಿದ್ದನ್ನು ಅಲ್ಲೇ ಬದುಕಿ ನೋಡಬೇಕು. ದಿನದ ಕಸ ತೂಗುವುದು, ಪಾತ್ರೆ ತೊಳೆದ ನೀರನ್ನು ಬಾಳೆಗಿಡಕ್ಕೆ ತಿರುಗಿಸುವುದು, ನಾಲೆ, ಕೆರೆ ಅಂತ ಸುತ್ತಿ ನೀರು ತಂದು ಪರೀಕ್ಷೆ ಮಾಡುವುದು. ಎಲ್ಲರೂ ಅದನ್ನು ‘ಪರಿಸರ ಮನೆ’ ಅನ್ನುತ್ತಿದ್ದರು. ಆ ಮನೆಗೆ ಒಂದು ಕಟ್ಟುನಿಟ್ಟಿನ ನೇಮವಿತ್ತು. ಶನಿವಾರ ಸಂಜೆ ವಾರದ ಫಲಿತಾಂಶವನ್ನೆಲ್ಲ ಹಲಗೆಗೆ ಅಂಟಿಸಬೇಕು. ಒಳ್ಳೆಯದೋ ಕೆಟ್ಟದ್ದೋ, ಮುಚ್ಚಿಡುವ ಹಾಗಿಲ್ಲ. ಸಂಬಂಧಪಟ್ಟವರಿಗೂ ಒಂದು ಪ್ರತಿ ಕಳಿಸಬೇಕು.

ಮೊದಲ ಆರು ತಿಂಗಳು ಶೋಭಿತಾ ತುಟಿ ಬಿಚ್ಚಲಿಲ್ಲ. ಊಟದ ಸಾಲಿನಲ್ಲಿ ಕಡೆಗೆ ನಿಲ್ಲುವಳು. ಕುಡಿಯುವ ನೀರಿನ ಕೊಡದಿಂದ ತಾನಾಗಿ ಬಗ್ಗಿಸಿಕೊಳ್ಳಳು, ಯಾರಾದರೂ ಕೊಡಲಿ ಅಂತ ಕಾಯುವಳು. ರೂಮಿನ ಜೊತೆಗಾತಿ ದೀಪಿಕ, ಯಲಿಯೂರಿನ ಗೌಡರ ಮನೆ ಹುಡುಗಿ, ಒಂದು ದಿನ ಸಿಡುಕಿಯೇಬಿಟ್ಟಳು. “ಲೇ, ನಿಂಗೇನ್ ಕೈ ಇಲ್ವೇನೇ? ನಂಗೊಬ್ಳಿಗೇ ಮಡಗವ್ರಾ ಈ ನೀರ? ತಗಂಡ್ ಕುಡಿ.”

ಶೋಭಿತಾ ತಾನೇ ಬಗ್ಗಿಸಿಕೊಂಡು ಕುಡಿದಳು. ಅಲ್ಲಿಂದ ಶುರುವಾಯಿತು ನೋಡಿ. ಪ್ರಶ್ನೆ ಕೇಳುವುದು ಬಂತು, ಆಮೇಲೆ ಜಗಳ ಮಾಡುವುದೂ ಬಂತು. ಎರಡನೇ ವರ್ಷಕ್ಕೆ ಹಲಗೆಯ ಮುಂದೆ ನಿಂತು, ಪರಿಸರ ಮನೆ ನೋಡಿಕೊಳ್ಳುವ ರಾಜೇಂದ್ರ ಮೇಷ್ಟ್ರಿಗೇ “ಸಾರ್, ನಿಮ್ಮ ಲೆಕ್ಕ ತಪ್ಪಾಗಿದೆ” ಅಂದಳು. ಮೇಷ್ಟ್ರು ನಕ್ಕು ತಿದ್ದಿಕೊಂಡರು. ಅವತ್ತು ಅವಳು ಅಜ್ಜಿಗೆ ಫೋನ್ ಮಾಡಿ ಹೇಳಿದ್ದನ್ನೇ ಮೂರು ಸಲ ಹೇಳಿದಳು.

ಆ ವರ್ಷ ಸಂಕ್ರಾಂತಿ ರಜೆಯಲ್ಲಿ ಒಬ್ಬೊಬ್ಬರೂ ತಮ್ಮ ಬೀದಿಯ ಕುಡಿಯುವ ನೀರು ತರಬೇಕೆಂದು ಮೇಷ್ಟ್ರು ಹೇಳಿದರು. ಅದಕ್ಕೆಂದೇ ಆವಿಯಲ್ಲಿ ಬೇಯಿಸಿ ಶುದ್ಧ ಮಾಡಿ ಕಾಗದ ಸುತ್ತಿದ ಗಾಜಿನ ಬಾಟಲಿ ಕೊಟ್ಟರು. ಐದು ನಿಮಿಷ ಪಂಪು ಒತ್ತಿ ನೀರು ಹರಿಯಬಿಡಬೇಕು, ಪಂಪಿನ ಮೂತಿಗೆ ಬೆಂಕಿ ತೋರಿಸಬೇಕು, ಆಮೇಲೆ ಬಾಟಲಿ ತೆರೆದು ತುಂಬಬೇಕು. ಬಾಟಲಿಯನ್ನು ತೊಳೆಯಬಾರದು, ಒಳಗೆ ಬೆರಳೂ ತಾಗಬಾರದು. ಶೋಭಿತಾ ಇದನ್ನು ಮೊದಲ ವರ್ಷದ ಹುಡುಗಿಯರಿಗೆ ಪಾಠ ಮಾಡುವಷ್ಟು ಚೆನ್ನಾಗಿ ಬಲ್ಲಳು.

ರಜೆ ಮುಗಿದ ಸೋಮವಾರ ಏಳು ಗಂಟೆ ಬಸ್ಸಿಗೆ ಹೊರಡಬೇಕಿತ್ತು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಟಲಿ ಭರ್ತಿಯಾಗಿ, ಮತ್ತೆ ಕಾಗದ ಸುತ್ತಿಸಿಕೊಂಡು ಬ್ಯಾಗಿನಲ್ಲಿತ್ತು.

“ನಾನೇ ತುಂಬ್ಸಿವ್ನಿ ಕಣವ್ವ, ಓಗು, ಬಸ್ ಓಯ್ತದೆ” ಅಂದಳು ಅಜ್ಜಿ. ತಿರುವಿನಲ್ಲಿ ಹಾರನ್ ಕೇಳಿಸಿತು. ಶೋಭಿತಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದಳು.

ಬಸ್ಸಿನಲ್ಲಿ ಫಾರಂ ತೆಗೆದಳು. ನೀರು ತುಂಬಿದವರು ಯಾರು? ತನ್ನ ಹೆಸರು ಬರೆದಳು. ಐದು ನಿಮಿಷ ಹರಿಯಬಿಟ್ಟಿರಾ? ಟಿಕ್. ಮೂತಿ ಕಾಯಿಸಿದಿರಾ? ಟಿಕ್. ಅಜ್ಜಿ ತುಂಬಿದರೇನು, ತಾನು ತುಂಬಿದರೇನು, ನೀರು ಅದೇ ತಾನೆ ಅಂದುಕೊಂಡಳು. ಜಾಣೆಯಾದ ಹುಡುಗಿ ಎಂಥ ಪೆದ್ದು ಕೆಲಸ ಮಾಡಿದಳು ಅಂತ ಈಗ ಎಷ್ಟು ಬೇಕಾದರೂ ಬೈಯಬಹುದು.

ಪರೀಕ್ಷೆ ಸರಳ. ಔಷಧಿ ಇರುವ ಸಣ್ಣ ಶೀಷೆಗೆ ನೀರು ಹಾಕಿ ಇಡುತ್ತಾರೆ. ಹೊಲಸು ಸೇರಿದ ನೀರಾದರೆ ಕಪ್ಪಾಗುತ್ತದೆ. ಮಾರನೆಯ ದಿನ ಮಧ್ಯಾಹ್ನಕ್ಕೆ ಕೆಳಗಿನ ಬೀದಿಯ ಶೀಷೆ ಕರ್ರಗಾಗಿತ್ತು. “ಇನ್ನೊಂದ್ಸಲ ಮಾಡ್ಬುಟ್ಟು ಅಂಟ್ಸೇ” ಅಂದಳು ದೀಪಿಕ. “ನನ್ನೂರು ಅಂತ ಮುಚ್ಚಿಡ್ಲಾ?” ಅಂದಳು ಶೋಭಿತಾ. ಹೇಳುವಾಗ ಒಳಗೊಳಗೇ ಹೆಮ್ಮೆಯೂ ಇತ್ತು. ಶನಿವಾರ ಅಂಟಿಸಿದಳು. ಬೋರಿಂಗಿನ ಪಕ್ಕದಲ್ಲೇ ಚರಂಡಿ ಇದೆಯಲ್ಲ, ಇದ್ದರೂ ಇರಬಹುದು ಅಂತ ಮೇಷ್ಟ್ರು ಪಂಚಾಯ್ತಿಗೆ ಪ್ರತಿ ಕಳಿಸಿದರು.

ಆ ಚರಂಡಿಯನ್ನು ನಾಲ್ಕು ವರ್ಷದಿಂದ ಎತ್ತಿಸದಿದ್ದ ಪಂಚಾಯ್ತಿ ನಾಲ್ಕೇ ದಿನದಲ್ಲಿ ಬಂತು. ಆಹಾ, ಏನು ಚುರುಕು! ಪಂಪಿಗೆ ಕೆಂಪು ಬಣ್ಣ ಬಳಿದು, ಹಿಡಿ ಬಿಚ್ಚಿಕೊಂಡು ಹೋದರು. ಒಂಬತ್ತು ದಿನ ಟ್ಯಾಂಕರ್ ಬಂತು, ಹತ್ತನೆಯ ದಿನ ಬರಲಿಲ್ಲ. ಮೇಲಿನ ಬೀದಿಯ ತೊಂಬೆಯಲ್ಲಿ, ಅಂದರೆ ನೀರಿನ ಸಣ್ಣ ಟ್ಯಾಂಕಿನಲ್ಲಿ, ಹಿಡಿದುಕೊಳ್ಳಿ, ಅಲ್ಲಿ ನಲ್ಲಿ ಇದೆಯಲ್ಲ ಅಂದರು. ಈಗ ಕಾಲ ಬದಲಾಗಿದೆ, ಮುಟ್ಟಬೇಡಿ ಅಂತ ಮೇಲಿನ ಬೀದಿಯವರು ಯಾರೂ ಅನ್ನಲಿಲ್ಲ. “ನಮ್ದಾಗ್ಲಿ ತಡೀರಮ್ಮ” ಅಂದರು, ಅಷ್ಟೇ. ಅವರದು ಆಗುವ ಹೊತ್ತಿಗೆ ತೊಂಬೆ ಬರಿದಾಗುತ್ತಿತ್ತು. ಎಪ್ಪತ್ತು ದಾಟಿದ ಚಿಕ್ಕಮಾದಮ್ಮ ಬಿಂದಿಗೆಯನ್ನು ನೆಲದ ಮೇಲಿಟ್ಟು ಮತ್ತೆ ದೂರ ನಿಂತಳು.

ಸುದ್ದಿ ಶೋಭಿತಾಳಿಗೂ ಮುಟ್ಟಿತು. ಮೇಷ್ಟ್ರನ್ನು ಕೇಳಿ ಇನ್ನೊಂದು ಬಾಟಲಿ ತೆಗೆದುಕೊಂಡು ಊರಿಗೆ ಬಂದಳು. ಊರಿಗೆ ನೀರು ಬಿಡುವ ಪಂಚಾಯ್ತಿಯ ನೀರುಗಂಟಿ ಸ್ವಾಮಿಯ ಕೈಕಾಲು ಹಿಡಿದು, ಹತ್ತು ನಿಮಿಷಕ್ಕೆಂದು ಪಂಪಿನ ಹಿಡಿ ಹಾಕಿಸಿದಳು. ಮನೆಗೆ ಓಡಿ ಬಂದು ಬ್ಯಾಗಿನಿಂದ ಬಾಟಲಿ ತೆಗೆದಾಗ ಅಜ್ಜಿ ಕೈ ಚಾಚಿದಳು.

“ತತ್ತಾ ಇಲ್ಲಿ, ತಿಕ್ ಕೊಡ್ತೀನಿ.”

“ಬ್ಯಾಡ ಅಜ್ಜಿ, ಇದ ತೊಳೀಬಾರ್ದು.”

“ಅದ್ಯಾಕ್ ತೊಳೀಬಾರ್ದು? ಅವತ್ತು ಪೊರ್ಕೆಕಡ್ಡಿಗೆ ನಾರ್ ಸುತ್ತಿ, ಒಳಕ್ ಬುಟ್ಟು, ಬೂದಿ ಆಕಿ ಎಂಗ್ ತಿಕ್ಕಿದ್ದೆ ಅಂತೀಯ! ನಮ್ ಬೀದಿ ನೀರು ಕಾಲೇಜ್ಗೆ ಓಯ್ತದೆ. ಬಾಟ್ಲಿ ಗಬ್ಬು ಅಂದ್ಬುಟ್ರೆ ಅಲ್ಲಿರೋರು?”

ಶೋಭಿತಾ ಹಿತ್ತಿಲ ಕಡೆ ನೋಡಿದಳು. ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ತೆಂಗಿನ ನಾರು ಬಿದ್ದಿತ್ತು. ಅದರ ಮೇಲೆಯೇ ಎರಡು ಕೋಳಿ ಓಡಾಡಿಕೊಂಡಿದ್ದವು. ಶೀಷೆ ಕಪ್ಪಾದದ್ದು ಬೋರಿಂಗಿನ ನೀರಿನಿಂದಲ್ಲ, ಈ ನಾರಿನಿಂದ. ಹೋಗಿ ಐದು ನಿಮಿಷ ಪಂಪು ಒತ್ತಿದಳು, ಮೂತಿಗೆ ಬೆಂಕಿ ತೋರಿಸಿದಳು, ತಾನೇ ತುಂಬಿಕೊಂಡು ಹೋದಳು.

ಈ ಸಲ ಶೀಷೆಯ ನೀರು ಒಂದು ದಿನಕ್ಕೂ ಕಪ್ಪಾಗಲಿಲ್ಲ, ಎರಡು ದಿನಕ್ಕೂ ಆಗಲಿಲ್ಲ. ಮೂರನೆಯ ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪಂಚಾಯ್ತಿಗೆ ಓಡಿದಳು. ಮೆಂಬರ್ ದೇವರಾಜು ಕೂತಿದ್ದ.

“ನೀರು ಚೆನ್ನಾಗದೆ ಸಾರ್. ನಾನ್ ತಪ್ಪು ಮಾಡಿದ್ದೆ. ಪಂಪ್ಗೆ ಇಡಿ ಆಕ್ಸಿ ಸಾರ್.”

“ಇನ್ನೆಲ್ಲಿ ಇಡಿ ಆಕ್ಸಾದವ್ವ? ಮೊನ್ನೆನೆ ಪೈಪೆಲ್ಲ ಎತ್ತಿ ಬೇರೆ ಊರ್ಗೆ ಕೊಟ್ಟಾಯ್ತು. ಗುಂಡಿಗೆ ಕಾಂಕ್ರೀಟ್ ಸುರ್ದಾಯ್ತು.” ಅವನು ಫೈಲಿನಿಂದ ಫಾರಂ ಎಳೆದು ಮುಂದಿಟ್ಟ. “ಕೆಟ್ಟೋಗದೆ ಅಂತ ಬರ್ಕೊಟ್ಟೋಳೂ ನೀನೆ, ಚೆನ್ನಾಗದೆ ಅನ್ನೋಳೂ ನೀನೆ. ನಾವ್ ಯಾವ್ದ ನಂಬುಮ?”

ಫಾರಂ ಮೇಲೆ ಅವಳದೇ ಹೆಸರು, ಅವಳದೇ ಟಿಕ್ಕು. ಹೊಸ ಬೋರಿಂಗು ಬೇಕಾದರೆ ಅರ್ಜಿ ಕೊಡಿ, ನೋಡೋಣ ಅಂದ. ಅರ್ಜಿ ಕೊಟ್ಟಳು. ಮೂಲೆಯಲ್ಲಿ ಅಂಥ ಅರ್ಜಿಗಳ ಒಂದು ಕಟ್ಟೇ ಧೂಳು ಹಿಡಿದು ಕೂತಿತ್ತು.

ಅವಳು ಹೇಳಿದ್ದನ್ನು ರಾಜೇಂದ್ರ ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. “ನನ್ನದೂ ತಪ್ಪಿದೆ ಶೋಭಿತಾ. ಎರಡನೇ ಸಲ ನೋಡದೆ ಕಳಿಸಬಾರದಿತ್ತು. ಏನು ನಡೆಯಿತು ಅಂತ ಹಲಗೆ ಮೇಲೆ ಬರಿ.” ಶನಿವಾರ ಸಂಜೆ ಇಪ್ಪತ್ತೊಂದು ಹುಡುಗಿಯರ ಮುಂದೆ ಅವಳು ಬರೆದಳು: ‘ಬಾಟಲಿ ತೊಳೆದದ್ದು ನಾನು. ಸುಳ್ಳು ಟಿಕ್ ಹಾಕಿದ್ದೂ ನಾನು.’ ಎರಡನೆಯ ಸಾಲು ನಿಜ. ಮೊದಲನೆಯದು ಸುಳ್ಳು, ಮತ್ತು ಈ ಸಲ ಅವಳು ತಿಳಿದೂ ತಿಳಿದೂ ಮುಚ್ಚಿಟ್ಟಳು.

ಭಾನುವಾರ ಊರಿಗೆ ಬಂದಳು. ಬೀದಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಬೋರಿಂಗು ಇದ್ದಲ್ಲಿ ಒಂದು ಸಿಮೆಂಟಿನ ಬಿಲ್ಲೆ ಇತ್ತು. ಅಜ್ಜಿ ಹಿತ್ತಿಲಲ್ಲಿ ಬಿಂದಿಗೆ ತೊಳೆಯುತ್ತಿದ್ದಳು.

“ಏನಾಗಿತ್ತಂತವ್ವ ನಮ್ ನೀರ್ಗೆ?”

“ಏನೂ ಆಗಿರ್ನಿಲ್ಲ ಅಜ್ಜಿ. ನೀರು ಚೆನ್ನಾಗಿತ್ತು. ನನ್ ಕೈ ಕೊಳೆಯಾಗಿತ್ತು. ಅದ್ರಲ್ಲೇ ಮುಟ್ಬುಟ್ಟಿದ್ದೆ.”

ಚಿಕ್ಕಮಾದಮ್ಮ ತೊಳೆಯುವುದನ್ನು ನಿಲ್ಲಿಸಿದಳು. “ನಾನ್ ಅಷ್ಟೊಂದ್ ತಿಕ್ಕಿ ಕೊಟ್ಟಿದ್ನಲ್ಲ” ಅಂದಳು.

“ಊಂ.”

“ಅನ್ನೊಂದ್ ದಿನ ಕೂತಿದ್ದೆ ಕಣವ್ವ ಆ ನೀರ್ಗೆ. ಕೈ ತೊಳ್ಕಳದ ಕಲ್ಸಿಲ್ವಾ ನಿಮ್ ಕಾಲೇಜ್ನಲ್ಲಿ?”

ತಿಕ್ಕಿದ್ದರಿಂದಲೇ ಕೆಟ್ಟಿತೆಂದು ಹೇಳಿಬಿಡಲು ಶೋಭಿತಾ ಬಾಯಿ ತೆರೆದಳು. ಹೇಳಿದರೆ ಮುದುಕಿ ಉಳಿಯುವುದಿಲ್ಲ ಅನ್ನಿಸಿ ನುಂಗಿಕೊಂಡಳು. ಮೇಲಿನ ಬೀದಿಯಲ್ಲಿ ನೀರು ಬಿಡುವ ಹೊತ್ತಾಗಿತ್ತು. ಅಜ್ಜಿ ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಲಾರದೆ ಬಿಂದಿಗೆಗೆ ಕೈ ಚಾಚಿದಳು. “ಕೊಡಜ್ಜಿ, ನಾನ್ ತತ್ತೀನಿ.”

ಅಜ್ಜಿ ಬಿಂದಿಗೆಯನ್ನು ಪಕ್ಕಕ್ಕೆ ಎಳೆದುಕೊಂಡಳು.

“ಮುಟ್ಬ್ಯಾಡ. ಈಗ್ತಾನೆ ತಿಕ್ಕಿವ್ನಿ.”

ಬಿಂದಿಗೆ ಫಳಫಳ ಹೊಳೆಯುತ್ತಿತ್ತು. ಚಿಕ್ಕಮಾದಮ್ಮ ಅದನ್ನು ಸೊಂಟಕ್ಕೇರಿಸಿಕೊಂಡು ಒಬ್ಬಳೇ ಮೇಲಿನ ಬೀದಿಗೆ ಹೊರಟಳು.